ಬಸ್ಸು ಬಿಡಲೊಲ್ಲದ ಮಾಮಾ

ನನ್ನ ಸೋದರಮಾವ ಈವರೆಗೆ ನಲವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಪ್ರಾಣ ಉಳಿಸಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಒಳ್ಳೆಯದೇ, ಯಾಕೆಂದರೆ ಅವರಲ್ಲಿ ಒಬ್ಬಳೂ ಬದುಕಿಲ್ಲ! ಕೆಲವರು ಹೊಳೆಯ ಪಾಲಾದರು, ಕೆಲವರು ಕೆಮ್ಮಿ ಕೆಮ್ಮಿ ಹೋದರು, ಇನ್ನು ಕೆಲವರು ಏನೂ ಕಾರಣವಿಲ್ಲದೆ, ಹಾಡು ಮುಗಿಯಿತೆಂಬ ಒಂದೇ ನೆಪಕ್ಕೆ ನಾಯಕನ ತೊಡೆಯ ಮೇಲೆ ಕಣ್ಣು ಮುಚ್ಚಿದರು. ಎಲ್ಲರೂ ಕನ್ನಡ ಸಿನಿಮಾದ ನಾಯಕಿಯರು. ಮಾಮಾ ಅವರನ್ನೆಲ್ಲ ಉಳಿಸಿದ್ದು ಸಿನಿಮಾ ಮುಗಿದ ಮೇಲೆ, ಟಾಕೀಸಿನ ಎದುರಿನ ಚಹಾದಂಗಡಿಯಲ್ಲಿ. ಆ ಪಾಪದ ಹುಡುಗಿಯರಿಗೆ ಸುದ್ದಿ ಮುಟ್ಟಲಿಲ್ಲ, ಅಷ್ಟೇ.

ಮಾಮಾ ಮೂವತ್ತು ವರ್ಷಕ್ಕೂ ಮಿಕ್ಕಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಮೊದಲು ಧಾರವಾಡದಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ. ಯಾವ ಬಸ್ಸು ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಈಗ ನಿವೃತ್ತರಾಗಿ ಅಮರಗೋಳದ ಹತ್ತಿರ ಮನೆ ಮಾಡಿಕೊಂಡಿದ್ದಾರೆ. ಧ್ವನಿ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಮನೆಯಲ್ಲಿ "ಚಾ ಆತೇನು?" ಎಂದು ಕೇಳಿದರೆ ಓಣಿಯ ಮೂರು ಮನೆಯವರು "ಇನ್ನೂ ಇಲ್ರಿ" ಎನ್ನುತ್ತಾರೆ!

ಇಂಥ ಮನುಷ್ಯ ನೋಡುವುದು ಬರೀ ದುರಂತ ಪ್ರೇಮದ ಸಿನಿಮಾ. ಪೋಸ್ಟರಿನಲ್ಲಿ ನಾಯಕನ ಗಡ್ಡ ಬೆಳೆದಿರಬೇಕು, ನಾಯಕಿ ಬೇರೆ ಕಡೆ ನೋಡುತ್ತಿರಬೇಕು. ಆಗ ಮಾಮಾ ಮ್ಯಾಟಿನಿಗೆ ಹೊರಡುತ್ತಾರೆ.

"ಒಮ್ಮೆ ನಗೋ ಸಿನಿಮಾ ನೋಡೋಣಲ್ಲ ಮಾಮಾ?" ಎಂದು ಕೇಳಿದ್ದೆ.

"ನಗೋ ಪಿಚ್ಚರ್‌ನ್ಯಾಗ ನಂದೇನು ಕೆಲಸೈತಿ? ಅಲ್ಲಿ ಎಲ್ಲಾರೂ ಆರಾಮ ಅದಾರಲ್ಲ!" ಎಂದರು.

ಅಂದರೆ ಇವರು ಹೋಗುವುದು ಸಿನಿಮಾ ನೋಡಲಿಕ್ಕೋ, ಡ್ಯೂಟಿಗೋ? ಆವತ್ತಿನಿಂದ ನನಗೆ ಶುರುವಾದ ಗೊಂದಲ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಜೊತೆಗೆ ಅತ್ತೆಯೂ ಹೋಗುತ್ತಾರೆ. ಅತ್ತೆ ಧಾರವಾಡದ ಹತ್ತಿರದ ಗರಗದವರು, ಮಾತು ಕಡಿಮೆ. ಪಕ್ಕದ ಸಾಲಿನಲ್ಲಿ ಹೆಣ್ಣುಮಕ್ಕಳು ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದರೆ ಇವರು ಹುರಿದ ಶೇಂಗಾದ ಸಿಪ್ಪೆ ಊದಿ ಊದಿ ತಿನ್ನುತ್ತಾರೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಸಿನಿಮಾ ನೋಡಿ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಮಾಮಾ ಕೂಡ ಅಳುವುದಿಲ್ಲ. ಅವರಿಗೆ ಬರುವುದು ಸಿಟ್ಟು!

ಒಂದು ಸಿನಿಮಾದಲ್ಲಿ ನಾಯಕ ತನ್ನ ಹುಡುಗಿಯ ಮದುವೆ ತಪ್ಪಿಸಲು ಊರ ತುಂಬ ಓಡಿದ. ಮಳೆಯಲ್ಲಿ ಓಡಿದ, ಸಂತೆಯಲ್ಲಿ ಓಡಿದ, ಹಿಂದೆ ಪಿಟೀಲು ಅಳುತ್ತಿತ್ತು. ಇವನು ಮುಟ್ಟುವ ಹೊತ್ತಿಗೆ ತಾಳಿ ಬಿದ್ದಿತ್ತು. ಟಾಕೀಸಿಗೆ ಟಾಕೀಸೇ ಮೂಗು ಒರೆಸಿಕೊಂಡಿತು. ಹೊರಗೆ ಬಂದ ಮಾಮಾ ಚಹಾದ ಕಪ್ಪು ಮುಟ್ಟಲೇ ಇಲ್ಲ.

"ಅಲ್ಲವಾ, ಅವಾ ಓಡಿದ್ದು ಹುಬ್ಬಳ್ಳಿ ರಸ್ತಾದಾಗ. ನಾ ನೋಡೇನಿ, ಉಣಕಲ್ ಕೆರಿ ಕಂಡ್ತು. ಐದು ನಿಮಿಷಕ್ಕೊಂದು ಬಸ್ ಐತಿ ಅಲ್ಲೆ! ಕೈ ಮಾಡಿದ್ರ ಸಾಕಿತ್ತು. ಅಂಥಾ ದಡ್ಡಗ ಅಕಿನ್ನ ಕೊಟ್ಟಿದ್ರೂ ಏನು ಉಪಯೋಗಿತ್ತು ಹೇಳು?"

ಅತ್ತೆ ಶೇಂಗಾದ ಕೊನೆಯ ಕಾಳು ಬಾಯಿಗೆ ಹಾಕಿಕೊಂಡು, "ನಡೀರಿ, ನಮ್ಮ ಬಸ್ ಹೋದೀತು" ಎಂದರು.

ಇನ್ನೊಮ್ಮೆ ನಾನೇ ಅವರನ್ನು ಕರೆದುಕೊಂಡು ಹೋಗಿ ಕೆಟ್ಟೆ. ನಾನು ಧಾರವಾಡದಲ್ಲಿ ಹೈಸ್ಕೂಲು ಮಾಸ್ತರಿಣಿ. ಪಾಠ ತಿಳಿಯದವರಿಗೆ ತಿಳಿಸುವುದೇ ನನ್ನ ಉದ್ಯೋಗ. ಆದರೂ ಆವತ್ತು ಸೋತೆ. ಅದು ಹೊಸ ತರಹದ ಸಿನಿಮಾ, ಕಥೆ ಹಿಂದು ಮುಂದಾಗಿತ್ತು. ನಾಯಕಿ ಮೊದಲ ದೃಶ್ಯದಲ್ಲೇ ತೀರಿಕೊಂಡಳು. ಎರಡನೆಯ ದೃಶ್ಯದಲ್ಲಿ ಕಾಲೇಜಿಗೆ ಬಂದಳು.

"ಈಕಿ ಹೋಗಿದ್ಲಲ್ಲ?" ಮಾಮಾ ಕೇಳಿದರು, ಅದೇ ಮೈಕಿನ ಧ್ವನಿಯಲ್ಲಿ.

"ಇದು ಹಿಂದಿನ ಕಥಿ ಮಾಮಾ" ಎಂದು ಪಿಸುಗುಟ್ಟಿದೆ.

ಹತ್ತು ನಿಮಿಷದ ಮೇಲೆ ನಾಯಕ ಗಡ್ಡ ಬಿಟ್ಟುಕೊಂಡು ಸಮಾಧಿಯ ಮುಂದೆ ಕುಳಿತಿದ್ದ. "ಇದು ಮುಂದಿಂದೋ ಹಿಂದಿಂದೋ?" ಹಿಂದಿನ ಸಾಲಿನ ಒಬ್ಬ ಯಜಮಾನರು ಸಹಾಯಕ್ಕೆ ಬಂದರು: "ಇದು ಈಗಿಂದ್ರಿ." ಅವರ ಪಕ್ಕದವರು, "ಅಲ್ಲ ಅಲ್ಲ, ಇದು ಅವನ ಕನಸು" ಎಂದರು. ಇನ್ನೊಬ್ಬರು, "ಸಮಾಧಿ ಅಕಿದಲ್ರಿ, ಅವರವ್ವಂದು" ಎಂದರು. ಬಾಲ್ಕನಿಯಿಂದ ಯಾರೋ, "ಗಡ್ಡ ಇದ್ರ ಈಗಿಂದು, ಗಡ್ಡ ಇಲ್ಲಂದ್ರ ಹಿಂದಿಂದು ಅಂತ ತಿಳೀರಿ!" ಎಂದು ಸೂತ್ರ ಕೊಟ್ಟರು. ಎಲ್ಲರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ತೆರೆಯ ಮೇಲೆ ನಾಯಕ ಅರ್ಧ ಗಡ್ಡದಲ್ಲಿ ಬರಬೇಕೇ!

ಸಿನಿಮಾ ಮುಗಿದಾಗ ನಾಯಕಿ ಸತ್ತಳೋ ಬದುಕಿದಳೋ ಇಡೀ ಟಾಕೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಸೇರಿ. ಮಾಮಾ ಮಾತ್ರ ಬಲು ಖುಷಿಯಲ್ಲಿ ಹೊರಬಂದರು. "ಯಾರಿಗೂ ಖಾತ್ರಿ ಇಲ್ಲಂದ್ರ ಅಕಿ ಬದುಕ್ಯಾಳಂತನಽ ಲೆಕ್ಕ!"

ಇಂಥವರನ್ನು ಸಿನಿಮಾದವರೇ ಹುಡುಕಿಕೊಂಡು ಬಂದರೆ ಏನಾಗಬೇಡ? ಬಂದೇ ಬಂದರು. ಬೆಂಗಳೂರಿನಿಂದ ಒಂದು ತಂಡ ಧಾರವಾಡಕ್ಕೆ ಚಿತ್ರೀಕರಣಕ್ಕೆ ಬಂತು. ಅದೂ ದುರಂತ ಪ್ರೇಮವೇ. ಮನೆಯವರ ಒತ್ತಾಯಕ್ಕೆ ನಾಯಕಿ ಊರು ಬಿಟ್ಟು ಬಸ್ಸು ಹತ್ತುತ್ತಾಳೆ, ನಾಯಕ ಓಡಿ ಬರುತ್ತಾನೆ, ಬಸ್ಸು ಹೋಗಿಬಿಡುತ್ತದೆ, ಆಮೇಲೆ ಇಬ್ಬರೂ ಉಳಿಯುವುದಿಲ್ಲ. ಬಸ್ಸು ಹೊರಟಿದ್ದನ್ನು ಮೈಕಿನಲ್ಲಿ ಕೂಗಲಿಕ್ಕೆ ಅವರಿಗೆ ಈ ಕಡೆಯ ಒಂದು ಅಸಲು ಮುಖ, ಅಸಲು ಧ್ವನಿ ಬೇಕಿತ್ತು. ನಿಲ್ದಾಣದವರು ಒಕ್ಕೊರಲಿನಿಂದ ಮಾಮಾನ ಹೆಸರು ಹೇಳಿದರು. ಹೇಳಬೇಕಾದ ಮಾತು ಒಂದೇ: "ಬೆಂಗಳೂರಿಗೆ ಹೋಗುವ ಬಸ್ಸು ಈಗ ಹೊರಟಿದೆ."

ಭಾನುವಾರ ಬೆಳಿಗ್ಗೆ ಮಾಮಾ ಹಳೆಯ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋದರು. ನಾನೂ ಅತ್ತೆಯೂ ಕಂಬದ ಬಳಿ ನಿಂತಿದ್ದೆವು. ನಿರ್ದೇಶಕ ಎಳೆಯ ವಯಸ್ಸಿನವನು, ಕಣ್ಣಿಗೆ ನಿದ್ದೆಯಿಲ್ಲ. "ಆ್ಯಕ್ಷನ್!" ಎಂದ. ನಾಯಕ ಗೇಟಿನಿಂದ ಓಡತೊಡಗಿದ. ಮಾಮಾ ಮೈಕು ಹಿಡಿದರು.

"ಬೆಂಗಳೂರಿಗೆ ಹೋಗುವ ಬಸ್ಸು..." ಕಣ್ಣು ಗೇಟಿನ ಕಡೆ ಹೋಯಿತು. "ಡ್ರೈವರಣ್ಣಾ, ಒಂದ್ ನಿಮಿಷ ತಡೀರಿ! ಒಬ್ಬರು ಓಡಿ ಬರಾಕತ್ತಾರ!"

ಬಸ್ಸಿನಲ್ಲಿದ್ದವನು ನಿಜವಾದ ಡ್ರೈವರ್. ಎಷ್ಟೋ ವರ್ಷ ಆ ಧ್ವನಿಗೆ ತಲೆಬಾಗಿದವನು. ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು! ಕಂಡಕ್ಟರು ಬಾಗಿಲು ತೆಗೆದ. ನಾಯಕ ಏದುಸಿರು ಬಿಡುತ್ತ ಬಾಗಿಲಿಗೇ ಬಂದುಬಿಟ್ಟ. ಒಳಗೆ ನಾಯಕಿ, ಹೊರಗೆ ನಾಯಕ. ಮುಂದೇನು ಮಾಡಬೇಕೆಂದು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಸುತ್ತ ನೆರೆದ ಜನ ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು.

"ಸರ್, ಬಸ್ ಹೋಗ್ಬೇಕು ಸರ್! ಅದೇ ಕಥೆ ಸರ್!" ನಿರ್ದೇಶಕ ಕೈಮುಗಿದ.

"ಪ್ಯಾಸೆಂಜರ್ ಕಣ್ಣಿಗೆ ಕಾಣಾಕತ್ತಾನಲ್ಲಪಾ! ಹೆಂಗ ಬಿಡ್ಲಿ?"

ಎರಡನೆಯ ಸಲ, ಕಣ್ಣು ಮುಚ್ಚಿಕೊಂಡು ಹೇಳಿ ಎಂದರು. ಕಣ್ಣು ಮುಚ್ಚಿದರೆ ಓಡುವ ಕಾಲಿನ ಸಪ್ಪಳ ಕೇಳಿಸಿತು. ಬಸ್ಸು ಮತ್ತೆ ನಿಂತಿತು. ಮೂರನೆಯ ಸಲ ಕಿವಿಗೆ ಹತ್ತಿ ಇಟ್ಟರು. "ಆ್ಯಕ್ಷನ್" ಎಂದರೋ ಇಲ್ಲವೋ ಮಾಮಾಗೆ ಕೇಳಿಸದೆ, ನಾಯಕ ಇನ್ನೂ ಚಹಾ ಕುಡಿಯುತ್ತಿರುವಾಗಲೇ ಬಸ್ಸು ಬಿಟ್ಟರು. ನಾಲ್ಕನೆಯ ಸಲ ಎಲ್ಲ ಸರಿಯಾಯಿತು. ಬಸ್ಸು ಹೊರಟಿತು, ನಾಯಕ ಮುಗ್ಗರಿಸಿ ಬಿದ್ದ, ನಾಯಕಿ ಕಿಟಕಿಯಿಂದ ಕೈ ಚಾಚಿದಳು. ನಿರ್ದೇಶಕನ ಕಣ್ಣಲ್ಲೂ ನೀರು ಬಂತು. ಆಗ ಮೈಕಿನಲ್ಲಿ ಮಾಮಾ ಮುಂದುವರಿಸಿದರು: "ಹಿಂದ ಇನ್ನೊಂದು ಬಸ್ ಐತಿ, ಯಾರೂ ಗಾಬರಿ ಆಗಬ್ಯಾಡ್ರಿ!"

ನಿರ್ದೇಶಕ ನೆಲದ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಸರ್, ನೀವು ಬರೀ ಬಾಯಿ ಆಡ್ಸಿ. ಧ್ವನಿ ನಾವು ಆಮೇಲೆ ಹಾಕ್ಕೋತೀವಿ" ಎಂದ.

ಸಿನಿಮಾ ಹುಬ್ಬಳ್ಳಿಗೆ ಬಂದ ದಿನ ನಾವು ಮೂವರೂ ಮ್ಯಾಟಿನಿಗೆ ಹೋದೆವು. ಆ ದೃಶ್ಯ ಬಂತು. ತೆರೆಯ ತುಂಬ ಮಾಮಾನ ಮುಖ. ಬಾಯಿ ತೆರೆದರು. ಒಳಗಿನಿಂದ ಬೇರೆ ಯಾರದೋ ನಯವಾದ ಧ್ವನಿ ಬಂತು: "ಬೆಂಗಳೂರಿಗೆ ಹೋಗುವ ಬಸ್ಸು ಈಗ ಹೊರಟಿದೆ."

ಮಾಮಾ ಎದ್ದು ನಿಂತರು. "ಇದು ನಂದಲ್ರೀ! ನಾ ಹಿಂಗ ಅಂದಿಲ್ಲ! ನಾ ಬಸ್ ನಿಂದರಿಸಿದ್ದೆ!"

"ಕುಂದರ್ರೀ ಯಜಮಾನ್ರ!" ಹಿಂದಿನವರು ಕೂಗಿದರು.

ಕೂರಿಸಲೆಂದು ನಾನು ಅವರ ಕೈ ಎಳೆದೆ. ಆಗಲೇ ಕಂಡದ್ದು: ಆಚೆ ಬದಿಯಲ್ಲಿ ಅತ್ತೆ ಅಳುತ್ತಿದ್ದರು. ಮಡಿಲಿನ ಶೇಂಗಾ ಪೊಟ್ಟಣ ಬಿಚ್ಚಿರಲೇ ಇಲ್ಲ. ಮಾಮಾ ಅದನ್ನು ನೋಡಿದರು. ಕುಳಿತುಬಿಟ್ಟರು.

ಹೊರಗೆ ಚಹಾದಂಗಡಿಯಲ್ಲಿ ಅವರೇ ಅತ್ತೆಯ ಕೈಗೆ ಕಪ್ಪು ಕೊಟ್ಟು ಸಮಾಧಾನಕ್ಕೆ ತೊಡಗಿದರು. "ಅಳಬ್ಯಾಡ. ಅವಾ ಹಿಂದಿನ ಬಸ್ ಹಿಡಿದಿದ್ರ ಹಾವೇರ್ಯಾಗ ಅಕಿ ಸಿಗ್ತಿದ್ಲು. ಅಲ್ಲೆ ಚಾ ಕುಡ್ಯಾಕ ಕಾಲು ತಾಸು ನಿಂದರಸ್ತಾರ."

"ಎಲ್ಲಾ ಬಸ್ ಸಿಗೂದಿಲ್ರಿ" ಎಂದರು ಅತ್ತೆ. "ನನಗೂ ಒಮ್ಮೆ ತಪ್ಪಿತ್ತು."

"ನಿನಗ? ಯಾವಾಗ?"

ಅತ್ತೆ ಕಪ್ಪಿನೊಳಗೆ ನೋಡುತ್ತ ಹೇಳಿದರು. ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅವರದೇ ತರಗತಿಯ ಒಬ್ಬ ಹುಡುಗನಿದ್ದ. ಬೇರೆ ಜಾತಿಯವನು. ಬೆಳಗಾವಿಯಲ್ಲಿ ನೌಕರಿ ಸಿಕ್ಕಿತ್ತು. ಮುಂಜಾನೆ ಗರಗದ ಬಸ್ಸಿಗೆ ಧಾರವಾಡಕ್ಕೆ ಬಾ, ಇಬ್ಬರೂ ಬೆಳಗಾವಿಗೆ ಹೋಗಿ ಮದುವೆಯಾಗೋಣ ಎಂದಿದ್ದ. ಆ ಬಸ್ಸು ತಪ್ಪಿತು. ತಿಂಗಳೊಪ್ಪತ್ತಿನಲ್ಲಿ ಮಾಮಾನ ಜೊತೆ ಮದುವೆಯಾಯಿತು.

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಮಾಮಾ ಏನನ್ನುತ್ತಾರೋ? ಸಿಟ್ಟಾಗುತ್ತಾರೋ? ಎದ್ದು ಹೋಗುತ್ತಾರೋ? ಮಾಮಾ ಕೇಳಿದ್ದು ಇಷ್ಟು:

"ಎಷ್ಟರ ಬಸ್?"

"ಎಂಟೂವರಿದು."

"ಹಾಂ, ಅದು! ಆ ಡ್ರೈವರ್ ಭಾಳ ಅವಸರದವ. ವೇಳ್ಯಾಕ್ಕಿಂತ ಮೊದಲಽ ಬಿಡ್ತಿದ್ದ. ನಾ ಆಗ ಧಾರವಾಡದಾಗ ಹೊಸದಾಗಿ ಸೇರಿದ್ದೆ. ಅವನ ಮ್ಯಾಲ ಎರಡು ಸಲ ರಿಪೋರ್ಟ್ ಬರದೇನಿ, ನಾನಽ..."

ಅಲ್ಲಿಗೆ ಮಾತು ನಿಂತಿತು. ಆ ರಿಪೋರ್ಟಿಗೆ ಡ್ರೈವರು ಹೆದರಿದ್ದಿದ್ದರೆ ಅತ್ತೆ ಇವತ್ತು ಬೆಳಗಾವಿಯಲ್ಲಿ ಇರುತ್ತಿದ್ದರು ಎಂಬುದು ಮಾಮಾಗೆ ಹೊಳೆದ ಗಳಿಗೆಯನ್ನು ನಾನು ಕಣ್ಣಾರೆ ನೋಡಿದೆ.

ಮುಂದಿನ ವಾರ ಅತ್ತೆಯ ಫೋನು ಬಂತು. "ತಂಗಿ, ನಿಮ್ಮ ಮಾಮಾ ಮಾತಾಡವಲ್ರು. ಚಾ ಸೈತ ಕೈಸನ್ನಿ ಮಾಡಿ ಕೇಳ್ತಾರ. ಯಾರ್ಯಾರಿಗೋ ಫೋನ್ ಹಚ್ಚತಾರ, ನಾ ಹೋದ್ರ ಇಟ್ಟಬಿಡ್ತಾರ. ನನಗ್ಯಾಕೋ ಹೆದರಿಕಿ ಆಗೇತಿ. ನೀ ಒಮ್ಮೆ ಬಾ."

ನನಗೂ ಅಪರಾಧಿ ಭಾವ. ಆ ಸಿನಿಮಾಗೆ ಟಿಕೀಟು ತಂದವಳು ನಾನೇ ತಾನೆ? ಬೆಳಿಗ್ಗೆಯೇ ಹೋದೆ. ಮಾಮಾ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕರಿಬೇವಿನ ಗಿಡದ ಮರೆಯಲ್ಲಿ ನಿಲ್ಲಿಸಿ, ಜೇಬಿನಿಂದ ಒಂದು ಚೀಟಿ ತೆಗೆದರು. ಎಂದೂ ಇಲ್ಲದಷ್ಟು ಸಣ್ಣ ಧ್ವನಿಯಲ್ಲಿ ಹೇಳಿದರು.

"ಅವನ ಪತ್ತೆ ಹಚ್ಚೇನಿ. ನಮ್ಮ ಹಳೇ ಗೆಳ್ಯಾರು ಬೆಳಗಾವಿ ಸ್ಟ್ಯಾಂಡಿನ್ಯಾಗಿದ್ರಲ್ಲ, ಅವರು ಹುಡುಕಿಕೊಟ್ರು. ರಿಟಾಯರ್ ಆಗ್ಯಾನಂತ. ಹೆಂಡತಿ ತೀರಿಕೊಂಡು ನಾಕು ವರ್ಷಾತಂತ. ಛಲೋ ಮನಿಷ್ಯಾ ಅಂತ ಎಲ್ಲಾರೂ ಅಂತಾರ."

"ಅದಕ್ಕೇನು ಮಾಮಾ ಈಗ?"

"ನಾಳೆ ಹತ್ತು ಗಂಟೆಕ್ಕ ಬೆಳಗಾವಿಗೆ ತಡೆರಹಿತ ಬಸ್ ಐತಿ. ಕಿಡಕಿ ಸೀಟ ಹಿಡದೇನಿ. ನೀ ಅಕಿ ಜೋಡಿ ಹೋಗು. ಮಾತಾಡಿ ಬರ್ಲಿ. ಆಮ್ಯಾಲ..." ಅವರು ಕರಿಬೇವಿನ ಎಲೆ ಕಿತ್ತರು, ಬಿಸಾಕಿದರು, ಇನ್ನೊಂದು ಕಿತ್ತರು. "ಆಮ್ಯಾಲ ಬರಬೇಕನಿಸಿದ್ರ ಬರ್ಲಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮಾಮಾ, ನಿಮಗೇನರ ತಲಿ ಕೆಟ್ಟೈತೇನು? ಮೂವತ್ತೆಂಟು ವರ್ಷ ಆಗೇತಿ!"

"ನಾ ಅಷ್ಟು ಪಿಚ್ಚರ್ ನೋಡಿ ಏನಂತಿದ್ದೆ? ಯಾರರ ಒಬ್ಬರು ಬಸ್ ನಿಂದರಸಬೇಕಾಗಿತ್ತು ಅಂತ ಅಂತಿದ್ದಿಲ್ಲೇನು? ಮಂದಿ ಮಕ್ಕಳ ಪಾಳಿಗೆ ಅಷ್ಟು ಮಾತಾಡಿ, ನನ್ನ ಮನಿ ಪಾಳಿ ಬಂದಾಗ ಸುಮ್ಮನ ಬಸ್ ಬಿಡ್ಲೇನು?"

ಎಷ್ಟು ಸಣ್ಣ ಧ್ವನಿ ಮಾಡಿದರೂ ಮಾಮಾನ ಧ್ವನಿ ಮಾಮಾನದೇ! ಅಡುಗೆ ಮನೆಯ ಕಿಟಕಿ ಅಲ್ಲೇ ಇತ್ತು. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಅತ್ತೆ ಹಿತ್ತಲ ಬಾಗಿಲಿಗೆ ಬಂದರು.

"ಯಾರನ್ನ ಕಳಸಾಕತ್ತೀರಿ ಬೆಳಗಾವಿಗೆ?"

ಮಾಮಾ ಸಿಕ್ಕಿಬಿದ್ದ ಹುಡುಗನ ಹಾಗೆ ಚೀಟಿಯನ್ನು ಹಿಂದೆ ಮುಚ್ಚಿಟ್ಟುಕೊಂಡರು. "ನಿನಗ ಬಸ್ ತಪ್ಪಿತ್ತಲ್ಲ... ಅದಕ್ಕ..."

ಅತ್ತೆ ಬಾಗಿಲಿನ ಚೌಕಟ್ಟಿಗೆ ಒರಗಿದರು.

"ಬಸ್ ತಪ್ಪಿಲ್ರಿ" ಎಂದರು. "ಎಂಟೂವರಿಗೆ ಬರೋಬರಿ ಬಂದು ನಿಂತಿತ್ತು. ಕಂಡಕ್ಟರ್ ಎರಡು ಸಲ ಕೇಳಿದ, ಬರ್ತೀಯೇನವಾ ಅಂತ. ನಾ ಇಲ್ರಿ ಅಂದೆ. ನಾನಽ ಹತ್ತಲಿಲ್ಲ."

ಮಾಮಾ ಕಣ್ಣು ಪಿಳಿಪಿಳಿ ಬಿಟ್ಟರು.

"ಹಂಗಾರ ಅವತ್ತ ಬಸ್ ವೇಳ್ಯಾಕ್ಕ ಬಂದಿತ್ತು?"

"ಬಂದಿತ್ತು."

"ಆ ಡ್ರೈವರ್ ಮಗಾ ನನ್ನ ರಿಪೋರ್ಟಿಗೆ ಸುಧಾರಿಸ್ಯಾನ ನೋಡು!" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಹಣೆ ಚಚ್ಚಿಕೊಂಡ ಅತ್ತೆಯ ಮುಖಕ್ಕೆಲ್ಲ ಹಿಟ್ಟು ಹತ್ತಿತು.

"ಮತ್ತ ತಪ್ಪಿತು ಅಂತ ಯಾಕಂದ್ರಿ ಅತ್ತಿ?" ಎಂದು ಕೇಳಿದೆ.

"ತಪ್ಪಿತು ಅಂದ್ರ ಮಂದಿ ಅಯ್ಯೋ ಅಂತಾರ. ನಾನಽ ಬಿಟ್ಟೆ ಅಂದ್ರ ಏನಂದಾರು ತಂಗಿ? ನನಗ ನಾನಽ ಎಷ್ಟೋ ವರ್ಷ ಹಂಗ ಹೇಳಿಕೊಂಡು ಬಂದೀನಿ. ಆ ಹುಡುಗ ಸ್ಟ್ಯಾಂಡಿನ್ಯಾಗ ಎಷ್ಟೊತ್ತು ಕಾದ್ನೋ ಏನೋ. ಪಿಚ್ಚರ್‌ನ್ಯಾಗ ಅವಾ ಬಿದ್ದದ್ದ ನೋಡಿ ಅದಽ ನೆನಪಾತು, ಅಳು ಬಂತು."

"ಮತ್ತ ಯಾಕ ಹತ್ತಲಿಲ್ಲ?" ಇದನ್ನು ಕೇಳಿದ್ದು ಮಾಮಾ. ಅವರ ಧ್ವನಿ ಹೀಗೂ ಇರಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಗಿರಲಿ, ಎರಡು ಮಾರು ದೂರ ನಿಂತ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅತ್ತೆ ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತ, ಗಂಡನ ಮುಖ ನೋಡದೆ ಹೇಳಿದರು.

"ಅದರ ಹಿಂದಿನ ದಿನಾನಽ ನೀವು ನನ್ನ ನೋಡಾಕ ಬಂದಿದ್ರಿ. ಅದಕ್ಕೂ ಮೊದಲ ಐದು ಮನಿಯವರು ಬಂದು ಹೋಗಿದ್ರು. ಎಲ್ಲಾರೂ ನಿಂದರಿಸಿ ಕೇಳಾವರು. ಹಾಡು, ನಡಿ, ತಿರುಗು ಅಂತ. ಅವತ್ತೂ ನಿಮ್ಮ ದೊಡ್ಡವ್ವ ಅದಽ ಹಚ್ಚಿದ್ರು. ನೀವು ಒಂದಽ ಮಾತಾಡಿದ್ರಿ. 'ಅವರ ಕಾಲು ನೋಯ್ತಿರ್ತಾವು, ಮೊದಲ ಅವರನ್ನ ಕುಂದರಸ್ರಿ' ಅಂದ್ರಿ. ರಾತ್ರೆಲ್ಲ ಹೋಗೂದು ಹೋಗೂದು ಅಂತ ಗಂಟು ಕಟ್ಟಿದೆ. ಮುಂಜಾನಿ ಬಸ್ ಬಂದಾಗ ಕಾಲು ಏಳಲಿಲ್ಲ."

"ನಾ ಹಂಗ ಅಂದಿದ್ನೇನು?" ಮಾಮಾ ಗಲಿಬಿಲಿಗೊಂಡು ನನ್ನ ಕಡೆ ನೋಡಿದರು, ನಾನೇನೋ ಆವತ್ತು ಅಲ್ಲಿದ್ದವಳ ಹಾಗೆ! "ನನಗ ನೆನಪಽ ಇಲ್ಲಲ್ಲ."

"ನಿಮಗೆಲ್ಲಿ ನೆನಪಿರತೈತಿ. ನನಗೈತಿ" ಎಂದು ಅತ್ತೆ ಒಳಗೆ ಹೋದರು. ಹಂಚಿನ ಮೇಲೆ ರೊಟ್ಟಿ ಹತ್ತಿದ ವಾಸನೆ ಬರುತ್ತಿತ್ತು.

ಮಾಮಾ ಸೀದಾ ಪಡಸಾಲೆಗೆ ಹೋಗಿ, ತಾವು ಪೇಪರು ಓದುವ ಕೈಕುರ್ಚಿಯನ್ನು ಎತ್ತಿಕೊಂಡು, ಬಾಗಿಲಿಗೆ ಎರಡು ಸಲ ತಾಗಿಸಿ, ಅಡುಗೆ ಮನೆಯ ನಟ್ಟನಡುವೆ ತಂದಿಟ್ಟರು.

"ಕುಂದರು" ಎಂದರು.

"ರೊಟ್ಟಿ ಹೊತ್ತಾವ್ರಿ!"

"ನಾ ಬಡೀತೀನಿ. ನೀ ಕುಂದರು."

ನಾನು ಹಿತ್ತಲಿನಿಂದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬೀದಿಗೆ ಬರುವವರೆಗೂ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ತಾಳ ತಪ್ಪಿದ, ಹಿಟ್ಟು ಹರಿದ, ಹೊಸಬರ ಸಪ್ಪಳ. ಅದರ ನಡುವೆ ಅತ್ತೆ, ನಾನು ಎಂದೂ ಕೇಳದ ಹಾಗೆ, ಬಿದ್ದು ಬಿದ್ದು ನಗುತ್ತಿದ್ದರು.